ಯಾವ ವರ್ಷದ ಗಾಡಿ?

ಹಳೆಯ ಕಾರು ಕೈಗೆ ಬಂದವರಿಗೆ ಎಲ್ಲರೂ ಕೊಡುವ ಸಲಹೆ ಒಂದೇ: ಮೊದಲು ಹೆಂಗಿತ್ತೋ ಹಂಗ ಮಾಡ್ರಿ. ಕೇಳಲಿಕ್ಕೆ ಸರಳ. ಆದರೆ ಎಪ್ಪತ್ತು ವರ್ಷ ದಾಟಿದ ಗಾಡಿಯನ್ನು ಯಾವ ಕಾಲಕ್ಕೆ ಒಯ್ಯಬೇಕು? ಕಾರ್ಖಾನೆಯಿಂದ ಹೊರಬಿದ್ದ ದಿನಕ್ಕೋ, ನಮ್ಮ ಮನೆಗೆ ಬಂದ ದಿನಕ್ಕೋ, ಅಜ್ಜ ಅದನ್ನು ದಿನಾಲೂ ಓಡಿಸುತ್ತಿದ್ದ ಕಾಲಕ್ಕೋ? ಬೆಳಗಾವಿಯ ಶಹಾಪುರದ ನಮ್ಮ ಮನೆಯ ಹಿತ್ತಲ ಶೆಡ್ಡಿನಲ್ಲಿ ನಿಂತಿದ್ದ ಎಂಜಿ ಟಿಡಿಯನ್ನು ಬಿಚ್ಚಿ ಮತ್ತೆ ಜೋಡಿಸುವಾಗ ನನ್ನನ್ನು ಹೆಚ್ಚು ಕಾಡಿದ್ದು ಈ ಪ್ರಶ್ನೆಯೇ. ತುಕ್ಕು ಕೆರೆಯುವುದು, ಮರ ಕೂಡಿಸುವುದು, ಎಂಜಿನ್ ಕಟ್ಟುವುದು ಇವೆಲ್ಲ ದುಡ್ಡು ಮತ್ತು ತಾಳ್ಮೆ ಇದ್ದರೆ ಆಗುವಂಥವು.

ಗಾಡಿಯ ಪರಿಚಯ ಹೇಳಿಬಿಡುತ್ತೇನೆ. ಎಂಜಿ ಅಂದರೆ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿದ್ದ ಮಾರಿಸ್ ಗ್ಯಾರೇಜಸ್. ಈಗ ನಮ್ಮ ರಸ್ತೆಗಳಲ್ಲಿ ಕಾಣುವ ಎಂಜಿ ಎಸ್‌ಯುವಿಗಳ ಮೂತಿಯ ಮೇಲಿನ ಎಂಟು ಮೂಲೆಯ ಗುರುತು ಅಲ್ಲಿಂದ ಬಂದದ್ದು. ಹಳೆಯ ಎಂಜಿಗಳು ಥೇಮ್ಸ್ ದಂಡೆಯ ಆಬಿಂಗ್‌ಡನ್ ಊರಿನಲ್ಲಿ ತಯಾರಾಗುತ್ತಿದ್ದವು. ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. ಟಿಡಿ ಮಾದರಿ 1949ರ ಕೊನೆಯಿಂದ 1953ರವರೆಗೆ ಬಂತು, ಒಟ್ಟು 29,664 ಗಾಡಿ. ಬಹುಪಾಲು ಅಮೆರಿಕಕ್ಕೆ ಹೋದವು, ಕೆಲವು ಮುಂಬಯಿ ಬಂದರಿನಲ್ಲೂ ಇಳಿದವು. ಎರಡೇ ಸೀಟು, ಹಿಂದಿನ ಅಂಚಿಗೆ ಕೀಲು ಹಾಕಿದ ಬಾಗಿಲು, ಬೇಕಾದಾಗ ಮುಂದಕ್ಕೆ ಮಲಗಿಸಬಹುದಾದ ಗಾಜು, ಬೆನ್ನಿಗೆ ಪೆಟ್ರೋಲ್ ಟ್ಯಾಂಕು, ಅದಕ್ಕಂಟಿ ಸ್ಟೆಪ್ನಿ. 1250 ಸಿಸಿ ಎಂಜಿನ್, 54 ಅಶ್ವಶಕ್ತಿ, ಎಸ್‌ಯು ಕಂಪನಿಯ ಜೋಡಿ ಕಾರ್ಬುರೇಟರ್. ಇವತ್ತಿನ ಸಣ್ಣ ಕಾರಿನ ಬಲವೂ ಇದಕ್ಕಿಂತ ಹೆಚ್ಚು. ಆದರೆ ಬಾಗಿಲ ಮೇಲಿಂದ ಕೈ ಚಾಚಿದರೆ ರಸ್ತೆ ಸಿಗುವಷ್ಟು ಕೆಳಗೆ ಕೂತು, ಮುಂದಿನ ಚಕ್ರ ಹೊರಳುವುದನ್ನು ಕಣ್ಣಾರೆ ನೋಡುತ್ತ ಹೋಗುವಾಗ ಗಂಟೆಗೆ ಐವತ್ತು ಕಿಲೋಮೀಟರ್ ಕೂಡ ಎದೆ ತುಂಬುವ ವೇಗ.

ನಮ್ಮದು 1951ರ ಗಾಡಿ. ಅದರ ಮೇಲೆ ಈಗಲೂ ಇರುವುದು ಮುಂಬಯಿ ರಾಜ್ಯದ ಕಾಲದ ನಂಬರು. ಬೆಳಗಾವಿ ಕ್ಯಾಂಪಿನಲ್ಲಿದ್ದ ಒಬ್ಬ ಮಿಲಿಟರಿ ಅಧಿಕಾರಿ ಅದನ್ನು ಇಟ್ಟುಕೊಂಡಿದ್ದರಂತೆ. ಅಂಬೋಲಿ ಘಾಟಿನ ದಾರಿಯಲ್ಲಿ ಎಂಜಿನ್ ಕೆಳಗಿನ ಎಣ್ಣೆ ತೊಟ್ಟಿಗೆ, ಅಂದರೆ ಸಂಪಿಗೆ, ಕಲ್ಲು ಬಡಿದು ಒಡೆದು, ಎಣ್ಣೆಯೆಲ್ಲ ಸೋರಿ, ಎಂಜಿನ್ ಜಾಮ್ ಆಯಿತು. ಅಷ್ಟರಲ್ಲಿ ಅವರಿಗೆ ವರ್ಗಾವಣೆ. ಹೊತ್ತುಕೊಂಡು ಹೋಗಲು ಬಾರದ ಗಾಡಿಯನ್ನು 1964ರಲ್ಲಿ ಅಜ್ಜ ಕೊಂಡ. ಎತ್ತಿನ ಗಾಡಿಗೆ ಕಟ್ಟಿ ಎಳೆದು ತಂದರು ಅಂತ ಆಯಿ ಹೇಳುತ್ತಿದ್ದಳು. ಹಾಗೆ ತಂದದ್ದಕ್ಕೆ ಓಣಿಯವರು ನಕ್ಕಿದ್ದು ಅವಳಿಗೆ ಕೊನೆತನಕ ನೆನಪಿತ್ತು.

ಒಡೆದ ಸಂಪಿಗೆ ಬದಲಿ ಎಲ್ಲಿಂದ ತರಬೇಕು? ಆ ಹೊತ್ತಿಗೆ ದೇಶದೊಳಕ್ಕೆ ವಿದೇಶಿ ಕಾರು ಬರುವ ದಾರಿ ಹೆಚ್ಚುಕಡಿಮೆ ಮುಚ್ಚಿತ್ತು. ಬಿಡಿಭಾಗ ತಂದು ಬರೀ ಜೋಡಿಸುವ ಕಂಪನಿಗಳು ಇಲ್ಲಿಯೇ ತಯಾರಿಸಲು ಮುಂದಾಗಬೇಕು, ಇಲ್ಲವಾದರೆ ಹೊರಡಬೇಕು ಅಂತ 1953ರಲ್ಲಿ ಸರ್ಕಾರ ನಿಲುವು ತಳೆದಿತ್ತು. ಫೋರ್ಡ್, ಜನರಲ್ ಮೋಟಾರ್ಸ್ ಮುಂದಿನ ವರ್ಷವೇ ಬಾಗಿಲು ಹಾಕಿದ್ದವು. ಲಂಡನ್ನಿಗೆ ಪತ್ರ ಬರೆದು ಒಂದು ಸಂಪು ತರಿಸಲು ಬೇಕಾದ ಲೈಸೆನ್ಸು, ವಿದೇಶಿ ವಿನಿಮಯ ಯಾವುದೂ ಶಹಾಪುರದ ಒಬ್ಬ ಕಸುಬುದಾರನ ಕೈಗೆಟುಕುವಂಥದ್ದಾಗಿರಲಿಲ್ಲ. ಅಜ್ಜ ಅದನ್ನು ಗೊತ್ತಿದ್ದೇ ಕೊಂಡಿದ್ದ. ಯಾಕೆಂದರೆ ಅವನು ಪ್ಯಾಟರ್ನ್ ಮೇಕರ್.

ಫೌಂಡ್ರಿಯ ಕೆಲಸ ನೋಡದವರಿಗಾಗಿ ಇದನ್ನು ತುಸು ಬಿಡಿಸಿ ಹೇಳಬೇಕು. ಬೀಡಿನದಾಗಲಿ (ಎರಕದ ಕಬ್ಬಿಣ) ಅಲ್ಯೂಮಿನಿಯಮ್ಮಿನದಾಗಲಿ, ಒಂದು ಭಾಗವನ್ನು ಎರಕ ಹೊಯ್ಯುವ ಮೊದಲು ಅದರ ಆಕಾರವನ್ನು ಮರದಲ್ಲಿ ಕಡೆಯುತ್ತಾರೆ. ಆ ಪ್ಯಾಟರ್ನನ್ನು ಮರಳಿನಲ್ಲಿ ಹುಗಿದು, ಗಟ್ಟಿಸಿ, ಮೆಲ್ಲಗೆ ಎತ್ತಿದರೆ ಉಳಿಯುವ ಪೊಳ್ಳಿಗೆ ಕರಗಿದ ಲೋಹ ಸುರಿಯುತ್ತಾರೆ. ಲೋಹ ಆರುತ್ತ ಕುಗ್ಗುತ್ತದೆ: ಬೀಡು ನೂರಕ್ಕೆ ಸುಮಾರು ಒಂದು ಪಾಲು, ಅಲ್ಯೂಮಿನಿಯಂ ಇನ್ನೂ ತುಸು ಹೆಚ್ಚು. ಹಾಗಾಗಿ ಒಡೆದ ಭಾಗವನ್ನೇ ಮರಳಿಗೊತ್ತಿ ಎರಕ ಹೊಯ್ದರೆ ಬರುವ ಹೊಸದು ಸಣ್ಣದಾಗುತ್ತದೆ, ಬೋಲ್ಟಿನ ತೂತುಗಳು ಕೂಡುವುದಿಲ್ಲ. ಮರದ ಪ್ಯಾಟರ್ನು ಅಷ್ಟು ದೊಡ್ಡದಿರಬೇಕು, ಮರಳಿನಿಂದ ಕೆಡದೆ ಎದ್ದುಬರಲು ಗೋಡೆಗಳು ತುಸು ಓರೆ ಇರಬೇಕು, ಒಳಗಿನ ಪೊಳ್ಳಿಗೆ ಮರಳಿನದೇ ಬೇರೆ ತಿರುಳು, ಅಂದರೆ ಕೋರ್, ಬೇಕು. ಅಜ್ಜನ ಪೆಟ್ಟಿಗೆಯಲ್ಲಿ ಒಂದು ಅಡಿಪಟ್ಟಿ ಇದೆ, ಅದರ ಒಂದು ಅಡಿ ನಮ್ಮ ಅಡಿಗಿಂತ ತುಸು ಉದ್ದ. ಕುಗ್ಗುವ ಲೆಕ್ಕ ಹಿಡಿದೇ ಗೆರೆ ಹಾಕಿದ ಪಟ್ಟಿ ಅದು. ಚಿಕ್ಕವಳಿದ್ದಾಗ ಅದರಿಂದ ಶಾಲೆಯ ಹೋಮ್‌ವರ್ಕಿಗೆ ಗೆರೆ ಎಳೆಯಲು ಹೋದರೆ ಅಜ್ಜ ಕಸಿದುಕೊಳ್ಳುತ್ತಿದ್ದ.

ಬೆಳಗಾವಿಗೆ ಈ ಕಸುಬು ಹೊಸದಲ್ಲ. ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಸೈಕಲ್ ಅಂಗಡಿ ತೆರೆದದ್ದು ಇದೇ ಊರಿನಲ್ಲಿ. ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಎಲ್ಲ ಇಲ್ಲಿಯೇ ಶುರುವಾಗಿ, ಜಾಗದ ತಕರಾರಿನಿಂದಾಗಿ 1910ರಲ್ಲಿ ಅವರು ಕಿರ್ಲೋಸ್ಕರವಾಡಿಗೆ ಹೋದರು. ಕಾರ್ಖಾನೆ ಹೋಯಿತು, ಕೈಕೆಲಸ ಊರಲ್ಲಿ ಉಳಿಯಿತು ಅಂತ ನಾನು ನಂಬುತ್ತೇನೆ. ಉದ್ಯಮಬಾಗದ ಯಾವುದೇ ಗಲ್ಲಿಗೆ ಹೋಗಿ, ಕಿವಿಗೆ ಲೇಥಿನ ಸದ್ದು, ಮೂಗಿಗೆ ಸುಟ್ಟ ಮರಳಿನ ವಾಸನೆ ಬಂದೇ ಬರುತ್ತದೆ. ಪಂಪು, ವಾಲ್ವು, ಹೈಡ್ರಾಲಿಕ್ ಬ್ಲಾಕು, ಟ್ರ್ಯಾಕ್ಟರಿನ ಎರಕ ಇಲ್ಲಿಂದ ದೇಶದ ತುಂಬ ಹೋಗುತ್ತವೆ. ಹತ್ತರಗಿಯಲ್ಲಿ ಈಗ ವಿಮಾನದ ಬಿಡಿಭಾಗಗಳೂ ತಯಾರಾಗುತ್ತಿವೆ. ನಾನೂ ಉದ್ಯಮಬಾಗದ ಒಂದು ಮಶೀನಿಂಗ್ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಕಾಕಾ ಗಾಡಿಯ ಕೀಲಿಯನ್ನು ನನ್ನ ಕೈಗೆ ಹಾಕಿದ್ದು ಅದೇ ಕಾರಣಕ್ಕೆ. "ಈ ಮನ್ಯಾಗ ಲೋಹ ತಿಳಿದಾಕಿ ನೀ ಒಬ್ಬಾಕಿ ಅದಿ. ಇನ್ನ ಇದು ನಿಂದು" ಅಂದರು.

ಅಜ್ಜ ಸಂಪಿನ ಪ್ಯಾಟರ್ನನ್ನು ಖಾನಾಪುರದ ಸಾಗವಾನಿಯಲ್ಲಿ ಕಡೆದ. ಮೂಲ ಸಂಪಿನ ಮೈಗೆ ಎಣ್ಣೆ ತಣಿಯಲೆಂದು ಸಾಲಾಗಿ ತೆಳುವಾದ ಏಣುಗಳಿದ್ದವು. ಕೈಮರಳಿನ ಮೋಲ್ಡಿನಲ್ಲಿ ಅಷ್ಟು ತೆಳುವಾದ ಏಣು ನಿಲ್ಲುವುದಿಲ್ಲ, ಮರಳು ಉದುರುತ್ತದೆ. ಅಜ್ಜ ಏಣುಗಳ ಸಂಖ್ಯೆ ಇಳಿಸಿ, ಒಂದೊಂದನ್ನೂ ದಪ್ಪ ಮಾಡಿದ. ಮುಂಭಾಗಕ್ಕೆ, ಅಂದರೆ ಕಲ್ಲು ಬಡಿದಿದ್ದ ಜಾಗಕ್ಕೆ, ಮೂಲದಲ್ಲಿ ಇಲ್ಲದ ಒಂದು ಅಡ್ಡಪಟ್ಟಿ ಸೇರಿಸಿದ. ಅಂಗಡಿ ಅಂಗಡಿ ತಿರುಗಿ ಲಾರಿಗಳ ಹಳೆಯ ಪಿಸ್ಟನ್ ಕೂಡಿಸಿ, ಕರಗಿಸಿ, ಎರಕ ಹೊಯ್ಸಿದ. ಪಿಸ್ಟನ್ ಅಲ್ಯೂಮಿನಿಯಂ ಎರಕಕ್ಕೆ ಚೆನ್ನಾಗಿ ಹರಿಯುತ್ತದೆ ಅಂತ ಇಲ್ಲಿನ ಫೌಂಡ್ರಿಯವರಿಗೆಲ್ಲ ಗೊತ್ತು. ಎಂಜಿನ್ ಬ್ಲಾಕಿನ ಸಿಲಿಂಡರುಗಳಿಗೆ ಹೊಸ ಒಳಕೊಳವೆ, ಅಂದರೆ ಲೈನರ್, ಹಾಕಿಸಿ ಎಂಜಿನ್ ಕಟ್ಟಿದ. 1965ರ ದೀಪಾವಳಿಗೆ ಗಾಡಿ ಓಡಿತು. ಆಮೇಲೆ ವಾಟರ್ ಪಂಪಿನ ಬಾಡಿ, ಒಂದು ಎಂಜಿನ್ ಮೌಂಟಿಂಗ್ ಬ್ರಾಕೆಟ್, ಹೀಗೆ ಸವೆದದ್ದೆಲ್ಲ ಅವನ ಅಟ್ಟದ ಮೇಲಿನ ಪ್ಯಾಟರ್ನಿನಿಂದಲೇ ಬಂದವು. ಆ ಪ್ಯಾಟರ್ನುಗಳು ಈಗಲೂ ಇವೆ, ಮಶೀನಿಂಗ್ ಆಗಬೇಕಾದ ಕಡೆ ಹಚ್ಚಿದ ಹಳದಿ ಬಣ್ಣದ ಸಮೇತ.

ಈಗ ಎಂಜಿ ಟಿಡಿಯ ಬಿಡಿಭಾಗ ಸಿಗುವುದು ಕಷ್ಟವೇ ಅಲ್ಲ. ಇಂಗ್ಲೆಂಡಿನಲ್ಲಿ ಟಿಡಿಯಂಥ ಹಳೆಯ ಎಂಜಿ ಗಾಡಿಗಳಿಗೆಂದೇ ಅಂಗಡಿಗಳಿವೆ. ಮೊಬೈಲಿನಲ್ಲಿ ಆರಿಸಿ, ಕಸ್ಟಮ್ಸ್ ಸುಂಕ ಕಟ್ಟಿದರೆ ಮನೆಗೇ ಬರುತ್ತದೆ: ಹೊಚ್ಚ ಹೊಸ ಸಂಪು, ತೆಳು ಏಣುಗಳ ಸಮೇತ. ಮನೆಗೆ ಬಂದು ಗಾಡಿ ನೋಡಿದ ಒಬ್ಬ ಸಂಗ್ರಾಹಕರು, ಹಳೆಯ ಕಾರುಗಳ ವಿಷಯದಲ್ಲಿ ನಿಜಕ್ಕೂ ತಿಳಿದವರು, ನನಗೆ ಅದನ್ನೇ ಹೇಳಿದರು. ಸಂಪು ಬದಲಿಸಿರಿ, ಪಂಪು ಬದಲಿಸಿರಿ, ಇವೆಲ್ಲ ನಕಲು. ರ‍್ಯಾಲಿಯಲ್ಲಿ ನಿಲ್ಲಿಸಿದರೆ ತೀರ್ಪುಗಾರರು ಮೊದಲು ಅಂಕ ಕಡಿಯುವುದೇ ಇಂಥದ್ದಕ್ಕೆ. ಅವರು ಕೆಟ್ಟದ್ದು ಬಯಸಿ ಹೇಳಿದ ಮಾತಲ್ಲ. ಅವರ ಲೆಕ್ಕದಲ್ಲಿ ಆ ಗಾಡಿ 1951ರಲ್ಲಿ ಆಬಿಂಗ್‌ಡನ್ನಿನ ಬಾಗಿಲು ದಾಟಿದಾಗ ಪೂರ್ತಿಯಾಗಿತ್ತು, ಅಲ್ಲಿಂದ ಮುಂದೆ ಆದದ್ದೆಲ್ಲ ಸವಕಳಿ.

ನನಗೆ ಅದು ಒಪ್ಪಿಗೆಯಾಗಲಿಲ್ಲ. ಮನೆತನದ ಮಮತೆಯಿಂದ ಮಾತ್ರ ಹೀಗೆ ಹೇಳುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಲು, ಸಂಪನ್ನು ಬಿಚ್ಚಿ, ತೊಳೆದು, ಅನುಮತಿ ಕೇಳಿ ಕಾರ್ಖಾನೆಯ ಅಳತೆ ಯಂತ್ರದ ಮೇಲೆ ಇಟ್ಟೆ. ಬ್ಲಾಕಿಗೆ ಕೂಡುವ ಅಂಚು ಆ ತುದಿಯಿಂದ ಈ ತುದಿಗೆ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲಿನೊಳಗೆ ಸಮ ಇತ್ತು. ಬೋಲ್ಟಿನ ತೂತುಗಳ ನಡುವಿನ ಅಂತರ ಹೊಸ ಸಂಪಿನ ನಕ್ಷೆಗೆ ಹೊಂದುತ್ತಿತ್ತು. ಬಿರುಕು ಹುಡುಕುವ ಕೆಂಪು ದ್ರಾವಣ ಬಳಿದು ಒರೆಸಿ ನೋಡಿದರೆ ಒಂದು ಮೂಲೆಯಲ್ಲಿ ಮಾತ್ರ ಸೂಜಿಮೊನೆಯಷ್ಟು ತೂತುಗಳು ಕಂಡವು. ಅವೂ ಒಳತನಕ ಹೋಗಿರಲಿಲ್ಲ. ಸರಳ ಲೇಥು, ಕೈಗರಗಸ, ಆ ಕುಗ್ಗುವ ಲೆಕ್ಕದ ಪಟ್ಟಿ ಇಟ್ಟುಕೊಂಡು ಮಾಡಿದ ಕೆಲಸ ಅದು. ಇವತ್ತು ನನ್ನ ಮೇಜಿಗೆ ಹಾಗೆ ಬಂದರೆ ನಾನು ಪಾಸ್ ಮಾಡುತ್ತೇನೆ. ಆ ದಿನ ಸಂಜೆ ನಾನು ನಿರ್ಧರಿಸಿದೆ: ಸಂಪು ಇರುತ್ತದೆ.

ಸರ್ಕಾರದ ನಿಯಮವೂ ಇದೇ ಪ್ರಶ್ನೆಯ ಸುತ್ತ ಸುಳಿಯುತ್ತದೆ. ವಿಂಟೇಜ್ ವಾಹನಗಳ ನೋಂದಣಿಗೆ 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ಬಂತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ ಸ್ವಂತ ಬಳಕೆಯ ದ್ವಿಚಕ್ರ, ನಾಲ್ಕು ಚಕ್ರದ ಗಾಡಿಗಳಿಗೆ ಅದು ಅನ್ವಯ. ಹೊಸದಾಗಿ ನೋಂದಾಯಿಸುವುದಕ್ಕೆ ₹20,000, ನವೀಕರಣಕ್ಕೆ ₹5,000, ಅವಧಿ ಹತ್ತು ವರ್ಷ. ಹೊಸ ನಂಬರುಗಳಲ್ಲಿ ರಾಜ್ಯದ ಅಕ್ಷರಗಳ ನಂತರ ವಿಎ ಅಂತ ಬರುತ್ತದೆ, ಮೊದಲೇ ನೋಂದಣಿ ಇರುವ ಗಾಡಿಗೆ ಹಳೆಯ ನಂಬರು ಉಳಿಯುತ್ತದೆ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲ್, ರಿಪೇರಿ ಇಷ್ಟಕ್ಕೇ ಓಡಿಸಬೇಕು. ದಿನಬಳಕೆಗಾಗಲಿ ವ್ಯಾಪಾರಕ್ಕಾಗಲಿ ಇಲ್ಲ. ಇದರಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಷರತ್ತು: ಗಾಡಿ ಮೂಲ ರೂಪದಲ್ಲಿರಬೇಕು, ಷಾಸಿ, ಬಾಡಿ, ಎಂಜಿನ್ನಿನಲ್ಲಿ ಭಾರೀ ಮಾರ್ಪಾಡು ಆಗಿರಬಾರದು. ಒಳ್ಳೆಯ ಷರತ್ತು. ಹಳೆಯ ಗಾಡಿಗೆ ಡೀಸೆಲ್ ಎಂಜಿನ್ ತುರುಕಿ ವಿಂಟೇಜ್ ಅನ್ನುವವರನ್ನು ಅದು ತಡೆಯುತ್ತದೆ. ನಮ್ಮದರ ಷಾಸಿ ಅದೇ, ಬ್ಲಾಕು ಅದೇ, ಪಟ್ಟಿಯ ಮೇಲಿನ ನಂಬರುಗಳು ದಾಖಲೆಗೆ ಹೊಂದುತ್ತವೆ. ಆದರೆ ನಿಯಮ ಬರೆದವರಿಗೆ, ಮೂಲ ರೂಪವನ್ನು ಉಳಿಸಿದ್ದೇ ಸ್ಥಳೀಯ ಎರಕ ಅನ್ನುವಂಥ ಗಾಡಿಗಳು ಈ ದೇಶದಲ್ಲಿ ಎಷ್ಟಿವೆ ಅಂತ ಯಾರಾದರೂ ಹೇಳಬೇಕು. ಆಮದು ನಿಂತ ದಶಕಗಳಲ್ಲಿ ಇಲ್ಲಿ ಬದುಕಿ ಉಳಿದ ಹಳೆಯ ವಿದೇಶಿ ಗಾಡಿಗಳಲ್ಲಿ ಯಾರದೋ ಲೇಥಿನ, ಯಾರದೋ ಭಟ್ಟಿಯ ತುಣುಕು ಇಲ್ಲದ್ದು ಅಪರೂಪ.

ಹಾಗಂತ ಹಿಂದಿನವರು ಮಾಡಿದ್ದನ್ನೆಲ್ಲ ಕಣ್ಣಿಗೊತ್ತಿಕೊಂಡು ಇಟ್ಟುಕೊಳ್ಳಲಿಲ್ಲ. ಈ ಎಂಜಿನ್ನಿನ ಥ್ರೆಡ್ಡುಗಳ ಕತೆ ಕೇಳಿ. ಮಾರಿಸ್ ಕಂಪನಿ 1923ರಲ್ಲಿ ಕವೆಂಟ್ರಿಯಲ್ಲಿದ್ದ ಹಾಚ್‌ಕಿಸ್ ಎಂಬ ಫ್ರೆಂಚ್ ಕಂಪನಿಯ ಎಂಜಿನ್ ಕಾರ್ಖಾನೆ ಕೊಂಡಿತು. ಅಲ್ಲಿನ ಯಂತ್ರಗಳೆಲ್ಲ ಮೆಟ್ರಿಕ್. ಅವುಗಳನ್ನು ಬದಲಿಸುವ ಬದಲು ಮಾರಿಸ್ ಎಂಜಿನ್ನುಗಳ ಥ್ರೆಡ್ಡನ್ನು ಮೆಟ್ರಿಕ್ಕಿನಲ್ಲಿಯೇ ಇಟ್ಟು, ಇಂಗ್ಲಿಷ್ ಮೆಕ್ಯಾನಿಕ್ಕುಗಳ ಪಾನಾ ಕೂಡಲಿ ಅಂತ ಬೋಲ್ಟಿನ ತಲೆಯನ್ನು ಮಾತ್ರ ಇಂಚಿನ ಲೆಕ್ಕದ ವಿಟ್ವರ್ತ್ ಅಳತೆಗೆ ಮಾಡಿದರು. ನಮ್ಮ ಟಿಡಿಯ ಎಂಜಿನ್ನಿನಲ್ಲೂ ಅದೇ ಪದ್ಧತಿ. ಎಂಟು ಮಿಲಿಮೀಟರ್ ಬೋಲ್ಟಿಗೆ ಇದರ ಪಿಚ್, ಅಂದರೆ ಒಂದು ಥ್ರೆಡ್ಡಿನಿಂದ ಮುಂದಿನದಕ್ಕೆ ಇರುವ ಅಂತರ, ಒಂದು ಮಿಲಿಮೀಟರ್; ನಮ್ಮ ಅಂಗಡಿಗಳಲ್ಲಿ ಕೇಳಿದ ತಕ್ಷಣ ಕೊಡುವ ಎಂಟರ ಬೋಲ್ಟಿನ ಪಿಚ್ ಒಂದೂಕಾಲು. ನೋಡಲಿಕ್ಕೆ ಎರಡೂ ಒಂದೇ. ಮೊದಲ ಎರಡು ಸುತ್ತು ಒಳಗೆ ಹೋಗುತ್ತದೆ, ಮುಂದೆ ಜೋರು ಮಾಡಿದರೆ ಒಳಗಿನ ಥ್ರೆಡ್ಡು ಹರಿಯುತ್ತದೆ. ಅಜ್ಜನ ನಂತರದ ವರ್ಷಗಳಲ್ಲಿ ಯಾರೋ ಅವಸರದಲ್ಲಿ ಹಾಗೆ ಜೋರು ಮಾಡಿದ ಗುರುತು ಎಂಜಿನ್ ತುಂಬ ಇತ್ತು. ನಮ್ಮ ಮಿಸ್ತ್ರಿ, ಅಜ್ಜನ ಕೈಕೆಳಗೆ ಹುಡುಗನಾಗಿ ಕೆಲಸ ಕಲಿತವರು, ಒಂದೊಂದು ತೂತಿಗೂ ಬೆರಳಿಟ್ಟು ನೋಡುತ್ತ ಸಂಕಟಪಟ್ಟರು. "ನೋಡ ತಂಗಿ, ಬೋಲ್ಟ ಬೆರಳಿಲೇ ಅರ್ಧಾ ಹೋಗಬೇಕು. ಹೋಗಲಿಲ್ಲ ಅಂದ್ರ ಅದು ಈ ಮನೀದಲ್ಲ" ಅಂದರು. ಆ ತೂತುಗಳಿಗೆಲ್ಲ ಸ್ಟೀಲ್ ಸುರುಳಿ ಕೂಡಿಸಿ, ಸರಿಯಾದ ಪಿಚ್ಚಿನ ಬೋಲ್ಟನ್ನು ನಮ್ಮಲ್ಲೇ ಲೇಥಿನ ಮೇಲೆ ಮಾಡಿಸಿದೆವು. ವಿಟ್ವರ್ತ್ ಪಾನಾಗಳ ಒಂದು ಪೂರ್ತಿ ಸೆಟ್ ಮಿಸ್ತ್ರಿಯ ಮನೆಯಲ್ಲಿತ್ತು, ಎಣ್ಣೆ ಹಚ್ಚಿದ ಕ್ಯಾನ್ವಾಸಿನಲ್ಲಿ ಸುತ್ತಿ ಇಟ್ಟದ್ದು.

ಡೈನಮೋ ವಿಷಯದಲ್ಲಿ ಕಾಕಾರ ಜೊತೆ ವಾದವೇ ಆಯಿತು. 1970ರ ದಶಕದಲ್ಲಿ ಗಾಡಿ ಓಡಿಸುತ್ತಿದ್ದವರು ಅವರು. ಲ್ಯೂಕಸ್ ಕಂಪನಿಯ ಮೂಲ ಡೈನಮೋ ಸುಟ್ಟಾಗ ಅಂಬಾಸಡರ್‌ನದನ್ನು ತಂದು ಕೂಡಿಸಿದ್ದರು. ಅದೂ ಲ್ಯೂಕಸ್ ವಂಶದ್ದೇ, ಬ್ಯಾಟರಿ ಚಾರ್ಜ್ ಆಗುತ್ತಿತ್ತು, ಆ ಕಾಲಕ್ಕೆ ಅದು ಜಾಣತನವೇ. ಆದರೆ ಟಿಡಿಯ ಮೂಲ ಡೈನಮೋದ ಹಿಂಬದಿಯಲ್ಲಿ ಒಂದು ಸಣ್ಣ ಗೇರ್ ಪೆಟ್ಟಿಗೆ ಇರುತ್ತದೆ; ಎಂಜಿನ್ನಿನ ಸುತ್ತು ತೋರಿಸುವ ಮೀಟರಿನ ಕೇಬಲ್ ಅಲ್ಲಿಂದಲೇ ಹೊರಡುವುದು. ಅಂಬಾಸಡರ್ ಡೈನಮೋಕ್ಕೆ ಅದಿಲ್ಲ. ಹಾಗಾಗಿ ಡ್ಯಾಶ್‌ಬೋರ್ಡಿನ ಮೀಟರು ಐವತ್ತು ವರ್ಷ ಸೊನ್ನೆಯ ಮೇಲೇ ಮಲಗಿತ್ತು. ನಾನು ಮೂಲ ಮಾದರಿಯ ಡೈನಮೋ ತರಿಸುತ್ತೇನೆ ಅಂದಾಗ ಕಾಕಾ ಹೇಳಿದರು: "ಮೀಟರ್ ನೋಡಿ ಯಾರರ ಗಾಡಿ ಹೊಡೀತಾರೇನು? ಕಿವಿಲೇ ಹೊಡೀಬೇಕು." ಆಮೇಲೆ ಮೆತ್ತಗೆ, "ನಿಮ್ಮಜ್ಜಂದು ಇಟ್ಟಿ, ನಂದು ತಗದಿ" ಅಂದರು.

ಆ ಮಾತು ಚುಚ್ಚಿತು. ಯಾವುದನ್ನು ಇಡಬೇಕು, ಯಾವುದನ್ನು ತೆಗೆಯಬೇಕು ಅಂತ ನನ್ನೊಳಗೆ ಇದ್ದ ಅಳತೆಯನ್ನು ಅವರಿಗೆ ಬಾಯಿಬಿಟ್ಟು ಹೇಳಬೇಕಾಯಿತು. ಅಜ್ಜನ ಸಂಪಿನಿಂದ ಗಾಡಿ ಕಳೆದುಕೊಂಡದ್ದು ಏನೂ ಇಲ್ಲ. ಮೂಲ ಸಂಪು ಮಾಡುತ್ತಿದ್ದ ಕೆಲಸವನ್ನೆಲ್ಲ ಅದು ಮಾಡುತ್ತದೆ, ಕಲ್ಲಿನ ದಾರಿಗೆ ಇನ್ನೂ ಚೆನ್ನಾಗಿ ಮಾಡುತ್ತದೆ. ಅಂಬಾಸಡರ್ ಡೈನಮೋ ಗಾಡಿಯನ್ನು ಓಡಿಸಿತು, ಆದರೆ ಒಂದು ಮೀಟರನ್ನು ಕುರುಡು ಮಾಡಿತು. ಆವಾಗ ಬೇರೆ ದಾರಿ ಇರಲಿಲ್ಲ, ಈಗ ಇದೆ. ಕಾಕಾ ಪೂರ್ತಿ ಒಪ್ಪಿದರು ಅಂತ ಹೇಳಲಾರೆ. ಮೀಟರಿನ ಮುಳ್ಳು ಮೊದಲ ಸಲ ಎದ್ದಾಗ ಮಾತ್ರ ಅವರು ಎಕ್ಸಲರೇಟರ್ ಮೇಲಿನ ಕಾಲನ್ನು ಬಹಳ ಹೊತ್ತು ಆಡಿಸುತ್ತ ಕೂತಿದ್ದರು. ಅವರ ಡೈನಮೋವನ್ನು ಗ್ರೀಸ್ ಹಚ್ಚಿ, ಪ್ಯಾಟರ್ನುಗಳ ಪಕ್ಕದಲ್ಲಿಯೇ ಇಟ್ಟಿದ್ದೇವೆ.

ಬ್ರೇಕಿನ ಮಾತು ಬೇರೆ. ಅಲ್ಲಿ ನೆನಪಿಗೆ ಜಾಗವಿಲ್ಲ. ಹೋಸು, ವೀಲ್ ಸಿಲಿಂಡರು, ಪೈಪು ಎಲ್ಲ ಹೊಸವು.

ಮರದ ಕೆಲಸಕ್ಕೆ ಹೆಚ್ಚು ಹೊತ್ತು ಹೋಯಿತು. ಟಿಡಿಯ ಷಾಸಿ ಉಕ್ಕಿನದು, ಮೈಯ ತಗಡೂ ಉಕ್ಕಿನದು, ನಡುವಿನ ಎಲುಬುಗೂಡು ಮರದ್ದು. ಇಂಗ್ಲೆಂಡಿನವರು ಅದಕ್ಕೆ ಆ್ಯಶ್ ಮರ ಬಳಸುತ್ತಿದ್ದರು. ಹಗುರ, ಬಾಗಿದರೆ ಮುರಿಯದೆ ಮರಳುವ ಮರ. ಕ್ರಿಕೆಟ್ ಸ್ಟಂಪು, ಸುತ್ತಿಗೆಯ ಹಿಡಿ ಅದರಲ್ಲೇ ಮಾಡುತ್ತಾರೆ. ಆದರೆ ನೀರು ನಿಂತರೆ ಬೇಗ ಕೊಳೆಯುತ್ತದೆ, ಬೆಳಗಾವಿಯ ಮಳೆಗಾಲದ ತಿಂಗಳುಗಟ್ಟಲೆ ತೇವದ ಮುಂದೆ ಅದು ಬಾಳುವುದಿಲ್ಲ. ಬಾಗಿಲ ಕೆಳಗಿನ ಉದ್ದ ಪಟ್ಟಿಗಳನ್ನು ಅಜ್ಜ ಆಗಲೇ ಸಾಗವಾನಿಗೆ ಬದಲಿಸಿದ್ದ. ಶೆಡ್ಡಿನಲ್ಲಿ ಇಷ್ಟು ವರ್ಷ ನಿಂತ ಮೇಲೆ ನೋಡಿದರೆ ಉಳಿದ ಆ್ಯಶ್ ಬೆರಳಿಟ್ಟರೆ ಪುಡಿಯಾಗುತ್ತಿತ್ತು, ಅಜ್ಜನ ಸಾಗವಾನಿ ಮೊಳೆ ಹೊಡೆಯಲಿಕ್ಕೂ ಬಿಗಿ. ಖಾನಾಪುರದಿಂದ ಬಂದ ಬಡಿಗೇರರು ಅದರ ಮೇಲೆ ಉಗುರಿನಿಂದ ಕೊರೆದು ನೋಡಿ, "ಅಕ್ಕಾರ, ಇದನ್ನ ಮುಟ್ಟೂದ ಬ್ಯಾಡ್ರಿ. 'ಹಳೇದು ತಗೀರಿ' ಅಂತೀರಲ್ಲ, ಇದ ಹೊಸಾದ್ದಕ್ಕಿಂತ ಚೊಲೊ ಐತ್ರಿ" ಅಂದರು. ಉಳಿದದ್ದನ್ನು ನಾವೂ ಸಾಗವಾನಿಯಲ್ಲೇ ಮಾಡಿಸಿದೆವು. ಸಾಗವಾನಿಗೆ ಮೈಯಲ್ಲಿ ಎಣ್ಣೆ ಇರುವುದರಿಂದ ಅಂಟು ಸುಲಭಕ್ಕೆ ಹಿಡಿಯುವುದಿಲ್ಲ. ಕೂಡಿಸುವ ಮುಖವನ್ನು ಥಿನ್ನರಿನಿಂದ ಒರೆಸಿ, ಆರುವ ಮೊದಲೇ ಅಂಟು ಹಾಕಿ, ಪ್ರತಿ ಕೂಡಿಗೆಗೂ ಹಿತ್ತಾಳೆ ಸ್ಕ್ರೂ ಬಿಗಿದರು. ಬಾಗಿಲು ಮುಚ್ಚಿದಾಗ ಬರುವ ಸದ್ದು ಆ್ಯಶ್ ಇದ್ದ ಗಾಡಿಯದಕ್ಕಿಂತ ತುಸು ಗಡುಸು. ನನಗೆ ಅದೇ ಇಷ್ಟ.

ಪೆಟ್ರೋಲ್ ಇನ್ನೊಂದು ತಲೆನೋವು. ಗಾಡಿ ನಿಂತದ್ದು 1987ರಲ್ಲಿ. ಆಗ ಪೆಟ್ರೋಲಿನಲ್ಲಿ ಸೀಸ ಇತ್ತು, ವಾಲ್ವಿನ ಸೀಟನ್ನು ಅದೇ ಕಾಯುತ್ತಿತ್ತು. 2000ದ ಫೆಬ್ರವರಿಯಿಂದ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು, ಹಾಗಾಗಿ ಹೆಡ್ಡಿಗೆ ಗಟ್ಟಿ ಸೀಟುಗಳನ್ನು ಕೂಡಿಸಬೇಕಾಯಿತು. ಈಗ ಅದರ ಮೇಲೆ ಎಥೆನಾಲ್. ಸಕ್ಕರೆ ಕಾರ್ಖಾನೆಗಳಿಂದ ತುಂಬಿದ ಜಿಲ್ಲೆ ನಮ್ಮದು. ನಿಜಲಿಂಗಪ್ಪನವರ ಹೆಸರಿನ ಸಕ್ಕರೆ ಸಂಸ್ಥೆ ಇರುವುದೂ ಇದೇ ಊರಲ್ಲಿ. ನಮ್ಮ ಹೊಲಗಳ ಕಬ್ಬು ಪೆಟ್ರೋಲಿಗೆ ಸೇರಿ 2025ಕ್ಕೆ ಶೇ. 20ರ ಮಿಶ್ರಣ ದೇಶದ ತುಂಬ ಬಂತು. ರೈತರಿಗೆ ಅದು ಒಳ್ಳೆಯದು, ಅದರ ವಿರುದ್ಧ ನಾನು ಮಾತಾಡಲಾರೆ. ಹಳೆಯ ರಬ್ಬರು, ಕಾರ್ಕು ಸೀಲುಗಳಿಗೆ ಮಾತ್ರ ಎಥೆನಾಲ್ ಆಗಿಬರುವುದಿಲ್ಲ, ತೇವ ಹೀರಿಕೊಂಡು ಟ್ಯಾಂಕಿನೊಳಗೆ ತುಕ್ಕನ್ನೂ ಹಿಡಿಸುತ್ತದೆ. ಎಥೆನಾಲ್ ತಾಳುವ ಪೈಪು, ಕಾರ್ಬುರೇಟರಿಗೆ ಅದಕ್ಕೆ ತಕ್ಕ ಸೀಲು ಹಾಕಿದ್ದೇವೆ, ಪೆಟ್ರೋಲ್ ಅಳೆದು ಬಿಡುವ ಅದರ ಸೂಜಿಯನ್ನು ತುಸು ದಟ್ಟ ಮಿಶ್ರಣ ಕೊಡುವಂಥದ್ದಕ್ಕೆ ಬದಲಿಸಿದ್ದೇವೆ. ಗಾಡಿ ಬಹಳ ದಿನ ನಿಲ್ಲುವುದಿದ್ದರೆ ಟ್ಯಾಂಕು ಬರಿದು ಮಾಡುತ್ತೇನೆ. ಜೋಡಿ ಕಾರ್ಬುರೇಟರನ್ನು ಮಿಸ್ತ್ರಿ ಕಿವಿಯಿಂದಲೇ ಸಮ ಮಾಡಿದರು: ರಬ್ಬರ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಒಮ್ಮೆ ಈ ಬಾಯಿಗೆ, ಒಮ್ಮೆ ಆ ಬಾಯಿಗೆ, ಎರಡರ ಸುಯ್ಯೆನ್ನುವ ಸದ್ದು ಒಂದಾಗುವತನಕ.

ಕೊನೆಗೆ ಬಣ್ಣ. ಇದರ ಬಗ್ಗೆ ನನಗೆ ಈಗಲೂ ಫೋನು ಬರುತ್ತವೆ. ಮೇಲಿನ ಪದರು ಕಾಕಾರ ಕಾಲದ ಕೆಂಪು. ಮರಳುಕಾಗದ ಹಾಕಿ ತಿಕ್ಕಿದಾಗ ಅದರಡಿ ಬೂದು, ಬೂದಿನಡಿ ಆಬಿಂಗ್‌ಡನ್ನಿನ ಎಳೆ ಹಸಿರು. ಡ್ಯಾಶ್‌ಬೋರ್ಡಿನ ಹಿಂದೆ ಆ ಹಸಿರು ಇನ್ನೂ ಹೊಳೆಯುತ್ತಿತ್ತು, ನೋಡಿದವರೆಲ್ಲ ಅದಕ್ಕೇ ಮರುಳಾದರು. ಚಂದದ ಬಣ್ಣ, ಒಪ್ಪುತ್ತೇನೆ. ಆದರೆ ಆ ಬೂದು ಯಾವುದು ಅಂತ ನೋಡಿದ ತಕ್ಷಣ ನನಗೆ ಗೊತ್ತಾಯಿತು. ಉದ್ಯಮಬಾಗದಲ್ಲಿ ಹಳೆಯ ಲೇಥು, ಡ್ರಿಲ್ಲಿಂಗ್ ಮಶೀನು, ಶೇಪರ್ ಎಲ್ಲಕ್ಕೂ ಹಚ್ಚಿರುತ್ತಿದ್ದ ಬೂದು ಎನಾಮಲ್ ಅದು. ಅಜ್ಜನ ವರ್ಕ್‌ಶಾಪಿನಲ್ಲಿ ಡಬ್ಬಿಗಟ್ಟಲೆ ಇರುತ್ತಿದ್ದದ್ದು ಅದೇ, ಕಾರಿಗೂ ಅದನ್ನೇ ಹಚ್ಚಿದ. ಓಣಿಯಲ್ಲಿ ಆ ಗಾಡಿಗೆ "ಮಶೀನ್ ಗಾಡಿ" ಅಂತಲೇ ಹೆಸರಿತ್ತು ಅಂತ ಕಾಕಾ ಆಗ ಹೇಳಿದರು.

ಹಸಿರು ಇದ್ದದ್ದು ಹದಿಮೂರು ವರ್ಷ, ಯಾರೋ ನಾವು ಕಾಣದವರ ಕೈಯಲ್ಲಿ. ಬೂದು ಬಣ್ಣದಲ್ಲಿ ಅದು ಫೌಂಡ್ರಿಗೆ ಹೋಯಿತು, ಆಯಿಯನ್ನು ಸವದತ್ತಿ ಎಲ್ಲಮ್ಮನಿಗೆ ಕರೆದೊಯ್ಯಿತು, ಎರಕದ ಸ್ಯಾಂಪಲ್ಲುಗಳನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಕೊಲ್ಹಾಪುರ, ಹುಬ್ಬಳ್ಳಿ ಸುತ್ತಿತು. ಇಂಗ್ಲೆಂಡಿನಲ್ಲಿ ಎಳೆ ಹಸಿರಿನ ಟಿಡಿ ಬೇಕಾದಷ್ಟು ಸಿಗುತ್ತವೆ, ನನ್ನದಕ್ಕಿಂತ ಚೊಕ್ಕವಾಗಿ ಇಟ್ಟವು. ಪ್ಯಾಟರ್ನ್ ಮೇಕರ್ ಒಬ್ಬ ಎರಕ ಹೊಯ್ದು ಎಬ್ಬಿಸಿ, ಲೇಥಿನ ಬಣ್ಣ ಹಚ್ಚಿ ಓಡಿಸಿದ ಟಿಡಿ ಬೆಳಗಾವಿಯಲ್ಲಿ ಮಾತ್ರ ಇದೆ. ನಾನು ಬೂದನ್ನೇ ಹಚ್ಚಿಸಿದೆ. ಅಜ್ಜನ ಕಾಲದ ಎನಾಮಲ್ ಅಲ್ಲ, ಈಗಿನ ಒಳ್ಳೆಯ ಪೇಂಟು, ಆದರೆ ಹಳೆಯ ಪದರನ್ನು ಎದುರಿಟ್ಟು ಹೊಂದಿಸಿದ ಬಣ್ಣ. ಡ್ಯಾಶ್‌ಬೋರ್ಡಿನ ಹಿಂದಿನ ಹಸಿರನ್ನು ಮುಟ್ಟಲಿಲ್ಲ. ಕಾಕಾರ ಕೆಂಪನ್ನು ಚಕ್ರಗಳಿಗೆ ಕೊಟ್ಟೆ. ಅದಕ್ಕೆ ಅವರದೇನೂ ತಕರಾರಿಲ್ಲ.

ಖಾನಾಪುರ ರಸ್ತೆಯಲ್ಲಿ ಮೊದಲ ಸಲ ದೂರ ಹೋದಾಗ ಕಾಕಾ ಪಕ್ಕದಲ್ಲಿದ್ದರು. ಈ ಗಾಡಿಯ ಮೊದಲನೇ ಗೇರಿಗೆ ಸಿಂಕ್ರೋ, ಅಂದರೆ ಗೇರುಗಳ ವೇಗವನ್ನು ತಾನೇ ಹೊಂದಿಸುವ ಏರ್ಪಾಡು, ಇಲ್ಲ. ನಿಲ್ಲದೆ ಅದಕ್ಕೆ ಇಳಿಸಬೇಕಾದರೆ ಕ್ಲಚ್ಚನ್ನು ಎರಡು ಸಲ ಒತ್ತಿ ನಡುವೆ ಎಂಜಿನ್ ಏರಿಸಬೇಕು. ಪೀರನವಾಡಿ, ಮಚ್ಛೆ ದಾಟುವತನಕ ಅದನ್ನು ಹೇಳಿಕೊಡುತ್ತ ಬಂದವರು ದೇಸೂರಿನ ನಂತರ ಸುಮ್ಮನಾದರು, ಗಾಜು ಮಲಗಿಸು ಅಂದರು. ಎದುರುಗಾಳಿಗೆ ಕಣ್ಣಲ್ಲಿ ನೀರು. ಎಣ್ಣೆಯ ಒತ್ತಡ ಸ್ಥಿರ, ಮೀಟರಿನ ಮುಳ್ಳು ಮೂರು ಸಾವಿರದ ಹತ್ತಿರ. ತಿರುಗಿ ಬಂದು ಗಾಡಿ ನಿಲ್ಲಿಸಿ, ಮಿಸ್ತ್ರಿ ಕೆಳಗೆ ಬಗ್ಗಿ ನೋಡಿದರು. ಈ ಎಂಜಿನ್ನಿನ ಹಿಂದಿನ ಮೇನ್ ಬೇರಿಂಗಿಗೆ ರಬ್ಬರ್ ಸೀಲ್ ಇಲ್ಲ, ಕ್ರ್ಯಾಂಕಿನ ಮೇಲೆ ಕೊರೆದ ಸುರುಳಿಯೇ ಎಣ್ಣೆಯನ್ನು ಒಳಕ್ಕೆ ತಿರುಗಿಸಬೇಕು. ಹಾಗಾಗಿ ಅಲ್ಲಿ ಒಂದೆರಡು ಹನಿ ಸಹಜ. ಸಂಪಿನ ಅಂಚು ಒಣಗಿತ್ತು.

ಗೋವಾದಲ್ಲಿ ಟಿಡಿ ಇಟ್ಟುಕೊಂಡಿರುವ ಒಬ್ಬರು ಚೋರ್ಲಾ ಘಾಟ್ ಹತ್ತಿ ನಮ್ಮ ಗಾಡಿ ನೋಡಲು ಬಂದಿದ್ದರು. ಅಲ್ಲಿನ ದಾರಿಗಳಲ್ಲಿ ಅವರ ಸಂಪಿಗೂ ಕಲ್ಲಿನ ಪೆಟ್ಟು ಬಿದ್ದಿದೆ. ನಮ್ಮದರ ಅಡಿಗೆ ಮಲಗಿ, ಅಜ್ಜ ಸೇರಿಸಿದ ಅಡ್ಡಪಟ್ಟಿಯನ್ನು ಬಹಳ ಹೊತ್ತು ನೋಡಿದರು. ಎದ್ದವರೇ ಇಂಥದ್ದೊಂದು ತಮಗೂ ಮಾಡಿಕೊಡಲಾಗುವುದೇ ಅಂತ ಕೇಳಿದರು. ಅಟ್ಟದಿಂದ ಪ್ಯಾಟರ್ನ್ ಇಳಿಸಿದ್ದೇನೆ. ಒಂದು ಮೂಲೆ ಇಲಿ ಕಡಿದಿದೆ, ಕೋರ್ ಪೆಟ್ಟಿಗೆಯ ಒಂದು ಪಕ್ಕ ಸೀಳಿದೆ, ಉಳಿದದ್ದು ಗಟ್ಟಿ. ಉದ್ಯಮಬಾಗದ ಒಬ್ಬ ತರುಣ ಪ್ಯಾಟರ್ನ್ ಮೇಕರ್ ಅದನ್ನು ಸರಿಮಾಡುತ್ತಿದ್ದಾನೆ. ಈ ಸಲ ಹಳೆಯ ಪಿಸ್ಟನ್ ಬೇಡ, ಗೊತ್ತಿರುವ ಗ್ರೇಡಿನ ಅಲ್ಯೂಮಿನಿಯಂ ತರಿಸೋಣ ಅಂತ ಫೌಂಡ್ರಿಯವರೊಡನೆ ಮಾತಾಗಿದೆ; ಎರಕ ಆದ ಮೇಲೆ ಮೊದಲ ತುಂಡು ನನ್ನ ಅಳತೆ ಮೇಜಿಗೇ ಬರುತ್ತದೆ. ಕಂಪ್ಯೂಟರಿನಲ್ಲಿ ಮಾಡಿದರೆ ಈಗ ತೆಳು ಏಣುಗಳನ್ನೂ ತರಬಹುದು, ಹಾಗೆ ಬದಲಿಸಲೇ ಅಂತ ಆ ಹುಡುಗ ಕೇಳಿದ. ಗೋವಾದವರಿಗೆ ಫೋನು ಮಾಡಿದೆ. ದಪ್ಪ ಏಣೇ ಇರಲಿ, ಅಡ್ಡಪಟ್ಟಿಯೂ ಇರಲಿ ಅಂದರು. ಮುಂಗಡ ಕಳಿಸಿದ್ದಾರೆ.